ಬೀಳದಂತೆ ಹಿಡಿದವಳು

"ನನ್ನ ಹೆಸರು ತೆಗೆದುಹಾಕಿದೋಳು ನೀನೇ. ಇನ್ನೊಂದ್ಸಲ ಇಲ್ಲ ಅನ್ನು, ನನ್ನ ಮುಖ ನೋಡ್ಕೊಂಡು ಅನ್ನು."

"ನಾನ್ಯಾಕೆ ತೆಗೀಲಿ? ನಿನ್ನ ಹೆಸರು ತೆಗೆದ್ರೆ ನನ್ನ ತಲೆಗೇನು ಕಿರೀಟ ಇಡ್ತಾರಾ?"

"ಹಾಗಾದ್ರೆ ಆ ಗೊರಕೆಯೋಳಿಗೆ ಹೇಗೆ ಸಿಗುತ್ತೆ ಕೆಲಸ? ಮುದುಕರ ಮಂಚದ ಪಕ್ಕ ಕುರ್ಚಿ ಹಾಕ್ಕೊಂಡು ಗೊರಕೆ ಹೊಡೀತಾಳೆ, ನೀರು ಅಂದ್ರೂ ಏಳಲ್ಲ. ಅವಳಿಗೆ ಒಂದು ಮನೆ ಮುಗಿಯೋ ಮೊದ್ಲೇ ಇನ್ನೊಂದು ಮನೆ. ನಾನು ನೋಡು, ಬೇಸಿಗೆ ಶುರುವಾದಾಗಿಂದ ಈ ಫೋನನ್ನ ಎದೆ ಮೇಲೆ ಮಲಗಿಸ್ಕೊಂಡು ಕೂತಿದೀನಿ, ಹೆತ್ತ ಮಗು ಹಾಗೆ."

"ಕಂಪ್ಯೂಟರ್ ಕೊಟ್ಟ ಹೆಸರು ನಾನು ಓದ್ತೀನಿ. ಅಷ್ಟೇ ನನ್ನ ಕೆಲಸ."

"ಕಂಪ್ಯೂಟರಿಗೆ ಹೇಳ್ಕೊಡೋರ್ಯಾರು? ಅದರಪ್ಪನಾ?"

ಬಾಗಿಲ ಬಳಿ ಕೂತು ಷೂ ಲೇಸು ಕಟ್ಟುತ್ತಿದ್ದ ಅಕ್ಕನ ಗಂಡ ತಲೆ ಎತ್ತದೆ ಹೇಳಿದ: "ಅಕ್ಕತಂಗಿ ಜಗಳಕ್ಕೆ ಟಿಕೆಟ್ ಇಟ್ಟಿದ್ರೆ ನಾನು ಡಿಪೋ ಕೆಲಸ ಬಿಟ್ಟು ಬಾಗಿಲಲ್ಲಿ ಟಿಕೆಟ್ ಹರೀತಾ ಕೂರಬಹುದಿತ್ತು."

"ನಿಮ್ಮನ್ನ ಯಾರೂ ಕೇಳಲಿಲ್ಲ, ಹೊರಡಿ ನೀವು!" ಎಂದು ಅಕ್ಕ ಕೂಗಿದ್ದಕ್ಕೂ ಒಲೆಯ ಮೇಲಿನ ಹಾಲು ಉಕ್ಕಿ ಸುರಿದದ್ದಕ್ಕೂ ಸರಿಹೋಯಿತು. ತಂಗಿ ಬಂದು ಒಲೆ ಆರಿಸಿ, ಬಟ್ಟೆ ತಂದು ಒರೆಸತೊಡಗಿದಳು. ಜಗಳದ ನಡುವೆಯೂ ಕೈ ಮಾತ್ರ ತನ್ನಷ್ಟಕ್ಕೆ ಕೆಲಸಕ್ಕೆ ಹೋಗುವ ಈ ಗುಣವನ್ನು ಕಂಡರೆ ಅಕ್ಕನಿಗೆ ಮೈ ಉರಿಯುತ್ತಿತ್ತು. ಬೈದವಳೇ ಒರೆಸುತ್ತ ನಿಂತರೆ, ಬೈಸಿಕೊಂಡವಳು ಏನು ಮಾಡಬೇಕು? ಎಲ್ಲಿ ಕೈ ಇಟ್ಟುಕೊಳ್ಳಬೇಕು? "ಬಿಡು, ನಾನು ಒರೆಸ್ತೀನಿ" ಎಂದಳು. "ನಿನಗೆ ಲೇಟಾಗುತ್ತೆ, ಹೋಗು. ನನಗೇನು, ಇಡೀ ದಿನ ಇದೆ" ಎಂದು ತಂಗಿ ಮೆಲ್ಲಗೆ ಹೇಳಿದಳು. ಕೂಗಿ ಹೇಳಿದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

ಬಸ್ಸಿನಲ್ಲಿ ಕಿಟಕಿಯ ಬದಿಯ ಸೀಟು ಸಿಕ್ಕಿದರೂ ಸಮಾಧಾನವಿರಲಿಲ್ಲ. ಪಕ್ಕದ ಮನುಷ್ಯ ಮೊಣಕಾಲು ಅಗಲಿಸಿ ಕೂತಿದ್ದ, ಅವನ ಮೊಣಕಾಲಿಗೆ ತನ್ನ ಚೀಲದಿಂದ ಒಂದು ತಿವಿದಳು, ಅವನು ಸರಿದ, ಸರಿದದ್ದರಿಂದ ಇನ್ನಷ್ಟು ಸಿಟ್ಟು ಬಂತು, ಬೈಯಲು ಯಾರೂ ಉಳಿಯಲಿಲ್ಲವೆಂದು. ಅದರಪ್ಪನಾ ಅಂತೆ. ಹೌದು, ಹೇಳಿಕೊಡುವವಳು ತಾನೇ. ಊರ ಶಾಲೆಯಲ್ಲಿ ಒಂದೇ ಕೋಣೆಯಲ್ಲಿ ನಾಲ್ಕು ಕ್ಲಾಸಿನ ಮಕ್ಕಳ ಜೊತೆ ಕೂತು ಕಲಿತ ಅಕ್ಷರದಿಂದ ಇಲ್ಲಿಯವರೆಗೆ ಬಂದವಳು ತಾನು. ಮೊದಲು ಟೈಪಿಂಗು, ಆಮೇಲೆ ಡೇಟಾ ತುಂಬುವ ಕೆಲಸ, ಆಮೇಲೆ ಆಫೀಸಿನ ಮೇಡಂ ಒಂದು ದಿನ ಕರೆದು, ತುಂಬಿದ್ದನ್ನು ಹುಡುಕುವುದನ್ನೂ ಕಲೀರಿ ಅಂದಾಗ ಪುಸ್ತಕ ಮುಂದಿಟ್ಟುಕೊಂಡು ತಾನೇ ಕಲಿತದ್ದು. ಆಫೀಸಿನಲ್ಲಿ ಎಲ್ಲರೂ ಅವಳನ್ನು ಹುಡುಕಮ್ಮ ಎಂದೇ ಕರೆಯುತ್ತಾರೆ. ಮೊದಮೊದಲು ಆ ಹೆಸರು ಕೇಳಿದರೆ ಉರಿಯುತ್ತಿತ್ತು, ಈಗ ಯಾರಾದರೂ ಕರೆಯದಿದ್ದರೆ ಉರಿಯುತ್ತದೆ. ಆಗೆಲ್ಲ ಟೈಪಿಂಗ್ ಕ್ಲಾಸಿನಿಂದ ಸಂಜೆ ಮನೆಗೆ ಬಂದರೆ ಕಾರ್ಬನ್ನಿನ ನೀಲಿ ಬೆರಳ ತುದಿಯಲ್ಲೇ ಇರುತ್ತಿತ್ತು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ಅಮ್ಮನ ಬಲಗಡೆಯ ಮೈ ಸತ್ತಿತ್ತು. ಶಾಲೆ ಬಿಟ್ಟ ತಂಗಿ, ಇನ್ನೂ ಲಂಗ ಉಡುತ್ತಿದ್ದ ಹುಡುಗಿ, ಅಮ್ಮನ ಕಂಕುಳಲ್ಲಿ ಕೈ ಹಾಕಿ ಎತ್ತಿ ಕೂರಿಸುತ್ತಿದ್ದಳು. ಎಲ್ಲ ಸರೀನಾ ಎಂದು ಬಾಗಿಲಲ್ಲೇ ಕೇಳಿದರೆ ಸಾಕು, ಹುಡುಗಿ ಶುರುಮಾಡುವಳು: ಅಮ್ಮ ಇಷ್ಟು ತಿಂದಳು, ಇಷ್ಟು ಉಗಿದಳು, ಕಿಟಕಿಯಲ್ಲಿ ಕಾಗೆ ಬಂದರೆ ನಕ್ಕಳು, ಎಡಗೈಯಿಂದ ನನ್ನ ಕಪಾಳಕ್ಕೆ ಹೊಡೆದಳು, ಆಮೇಲೆ ಅದೇ ಕೈಯಿಂದ ಸವರಿದಳು. ಹುಂ ಹುಂ ಎನ್ನುತ್ತ ಅವಳು ತಂಗಿಯ ಮಾತು ಮುಗಿಯುವ ಮೊದಲೇ ನಿದ್ದೆಹೋಗುತ್ತಿದ್ದಳು. ದಣಿವಿರುತ್ತಿರಲಿಲ್ಲವೇ? ದುಡಿಯುವವರಿಗೆ ನಿದ್ದೆ ಬಂದರೆ ಅದೂ ತಪ್ಪೇ?

ಆಫೀಸು ಟೈರಿನ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗಲೇ ರಬ್ಬರಿನ ವಾಸನೆ ಮೂಗಿಗೆ ಹತ್ತಿ, ಇಡೀ ದಿನ ಇಳಿಯುತ್ತಿರಲಿಲ್ಲ. ಹಾಸಿಗೆ ಹಿಡಿದವರನ್ನು, ಮರೆವು ಹತ್ತಿದವರನ್ನು, ಆಪರೇಷನ್ ಆಗಿ ಮನೆಗೆ ಬಂದವರನ್ನು ನೋಡಿಕೊಳ್ಳಲು ಹೆಂಗಸರನ್ನು ಕಳಿಸುವ ಸಂಸ್ಥೆ ಅದು. ಹೆಂಗಸರ ಮಾಹಿತಿಯೆಲ್ಲ ಒಂದು ಡೇಟಾಬೇಸಿನಲ್ಲಿತ್ತು: ಒಬ್ಬೊಬ್ಬಳಿಗೆ ಒಂದೊಂದು ಸಾಲು. ಸಾಲಿನ ಕೊನೆಯಲ್ಲಿ ಟಿಪ್ಪಣಿ ಎಂಬ ಒಂದು ದೊಡ್ಡ ಖಾನೆ. ಸೇರಿದ ದಿನ ಏನೇನು ಬರುತ್ತದೆಂದು ಹೇಳಿದ್ದು, ಮನೆಯವರ ದೂರು, ಮನೆಯವರ ಹೊಗಳಿಕೆ, ದಿನದ ಕೆಲಸ ಮುಗಿದ ಮೇಲೆ ಅವರವರೇ ಫೋನಿನಿಂದ ಬರೆದು ಕಳಿಸುವ ನಾಲ್ಕು ಸಾಲು, ಎಲ್ಲವೂ ಒಂದರ ಬೆನ್ನಿಗೊಂದು ಅದೇ ಖಾನೆಗೆ ಬಂದು ಬೀಳುತ್ತಿತ್ತು. ಒಮ್ಮೆ ಒಳಗೆ ಬಂದ ಮಾತು ವರ್ಷ ಕಳೆದರೂ ಹೊರಗೆ ಹೋಗುತ್ತಿರಲಿಲ್ಲ. ಯಾವುದಾದರೂ ಮನೆಯಿಂದ ಫೋನ್ ಬಂದರೆ ಆ ಖಾನೆಯಲ್ಲಿ ಬೇಕಾದ ಪದಗಳನ್ನು ಹುಡುಕಿ ಹೆಸರು ತೆಗೆದುಕೊಡುವುದು ಅವಳ ಕೆಲಸ. ಇರಲೇಬೇಕಾದ ಪದದ ಮೊದಲಿಗೆ ಪ್ಲಸ್. ಇರಲೇಬಾರದ ಪದದ ಮೊದಲಿಗೆ ಮೈನಸ್. ಆ ಪದವಿರುವ ಸಾಲು ಇಡಿಯಾಗಿ ಬಿಟ್ಟುಹೋಗುತ್ತದೆ. ಪದ ಹೇಗೆ ಮುಗಿದರೂ ಸರಿ ಎನ್ನಲು ಕೊನೆಯಲ್ಲೊಂದು ನಕ್ಷತ್ರ.

ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಫೋನು. ಗಂಡಸಿನ ದನಿ. "ನಮ್ಮ ತಂದೆಗೆ ಒಬ್ಬರು ಬೇಕು. ನೋಡಿ, ಮೊದಲೇ ಹೇಳ್ಬಿಡ್ತೀನಿ, ಜಾಸ್ತಿ ಮಾತಾಡೋರು ಬೇಡ. ತೀರ ವಯಸ್ಸಾದೋರು ಬೇಡ. ಫೋನ್ ಹಿಡ್ಕೊಂಡು ಕೂರೋರು ಬೇಡ. ಹಿಂದೆ ಎಲ್ಲಾದ್ರೂ ಯಾರನ್ನಾದ್ರೂ ಬೀಳಿಸಿರೋರಂತೂ ಬೇಡವೇ ಬೇಡ."

"ಏನು ಬೇಕು ಅದನ್ನ ಹೇಳಿ ಸಾರ್."

"ಅದೇ ಹೇಳ್ತಾ ಇದೀನಲ್ಲ."

ಬರೀ ಮೈನಸ್ ಹಾಕಿದರೆ ಯಂತ್ರ ಏನನ್ನೂ ಕೊಡುವುದಿಲ್ಲ. ಇದು ಬೇಡ, ಅದು ಬೇಡ ಎಂದಷ್ಟೇ ಹೇಳಿ ಕೂತರೆ ಖಾಲಿ ಪರದೆ ತೋರಿಸುತ್ತದೆ. ಒಂದಾದರೂ ಬೇಕು ಹೇಳಬೇಕು. ಮನುಷ್ಯರು ಹಾಗಲ್ಲ, ಬರೀ ಬೇಡಗಳಿಂದಲೇ ಇಡೀ ಸಂಸಾರ ನಡೆಸಿಬಿಡುತ್ತಾರೆ. ಅವನ ಬಾಯಿಂದ ಎಳೆದೆಳೆದು, ಸ್ನಾನ ಮಾಡಿಸಬೇಕು, ಎತ್ತಿ ಕುರ್ಚಿಗೆ ಕೂರಿಸಬೇಕು ಎಂಬ ಎರಡು ಬೇಕುಗಳನ್ನು ಹೊರಗೆ ತೆಗೆದಳು. ಬರೆದಳು:

+ಸ್ನಾನ* +ಎತ್ತ* -ಬಿದ್ದ* -ಬೀಳ* -ಕಳವ* -ಪೊಲೀಸ*

ಮೈನಸ್ಸಿನ ಆ ನಾಲ್ಕು ಪದಗಳನ್ನು ಅವಳು ಟೈಪು ಮಾಡಲಿಲ್ಲ, ಅವು ತಾವಾಗಿ ಬಂದು ಅಂಟಿಕೊಂಡವು. ಎಲ್ಲ ಮನೆಯವರೂ ಅದೇ ನಾಲ್ಕನ್ನು ಹೇಳುತ್ತಾರೆಂದು ಬೇಸಿಗೆಯ ಶುರುವಿನಲ್ಲಿ ಮೇಡಂ ಅದನ್ನು ಎಲ್ಲ ಹುಡುಕಾಟಕ್ಕೂ ಕಾಯಂ ಮಾಡಿಸಿದ್ದರು. ಆಫೀಸಿನಲ್ಲಿ ಅದಕ್ಕೆ ಬಾಲ ಎಂದು ಹೆಸರು. ಬಿದ್ದ ಎಂಬುದೊಂದೇ ಸಾಲದು ಮೇಡಂ, ಬೀಳ ಅಂತಾನೂ ಹಾಕಿ ನಕ್ಷತ್ರ ಕೊಟ್ರೆ ಯಾವ ರೂಪದಲ್ಲಿ ಬಂದ್ರೂ ಸಿಕ್ಕಿಬೀಳುತ್ತೆ ಎಂದು ಬುದ್ಧಿ ಹೇಳಿದವಳು ತಾನೇ. ಮೇಡಂ ಭೇಷ್ ಎಂದಿದ್ದರು. ಅಂದು ಮನೆಗೆ ಹೋಗುವಾಗ ಬಸ್ಸಿನಲ್ಲಿ ನಿಂತೇ ಹೋದರೂ ಕಾಲು ನೋಯಲಿಲ್ಲ.

ಹೆಸರುಗಳು ಬಂದವು. ಕೆಲಸವಿಲ್ಲದೆ ಹೆಚ್ಚು ಕಾಲ ಕೂತವರ ಹೆಸರು ಮೊದಲು ಬರಬೇಕೆಂಬುದು ಆಫೀಸಿನ ನಿಯಮ. ಅದೊಂದು ನ್ಯಾಯ ಇತ್ತು. ಗೊರಕೆಯವಳ ಹೆಸರಿತ್ತು. ತಂಗಿಯದಿರಲಿಲ್ಲ. ಇರುವುದಿಲ್ಲವೆಂದು ಗೊತ್ತಿತ್ತು, ಯಾಕಿಲ್ಲವೆಂದು ಮಾತ್ರ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ತಂಗಿ ಎಂದು ವಿಶೇಷವಾಗಿ ನೋಡಿದರೆ ಪಕ್ಷಪಾತವಾಗುತ್ತದಲ್ಲ ಎಂಬುದು ಅವಳು ತನಗೆ ತಾನು ಕೊಟ್ಟುಕೊಂಡಿದ್ದ ಸಬೂಬು. ಈಗ ಹಲ್ಲು ಕಚ್ಚಿಕೊಂಡು ಬಾಲದ ಒಂದೊಂದೇ ಪದ ಕಿತ್ತು ನೋಡಿದಳು. ಪೊಲೀಸ ತೆಗೆದಳು, ಇಲ್ಲ. ಕಳವ ತೆಗೆದಳು, ಇಲ್ಲ, ಮತ್ತು ಇಲ್ಲವೆಂದು ಕಂಡ ಕೂಡಲೇ ಎದೆಯಲ್ಲಿ ಏನೋ ಸಡಿಲವಾದದ್ದು ಗೊತ್ತಾಗಿ, ಅಂದರೆ ತಂಗಿಯ ಮೇಲೆ ಅಷ್ಟೂ ಅನುಮಾನವಿತ್ತೇ ತನಗೆ ಎಂದು ಕಿವಿ ಬಿಸಿಯಾಯಿತು. ಬಿದ್ದ ತೆಗೆದಳು, ಇಲ್ಲ. ಬೀಳ ತೆಗೆದಳು. ಪರದೆ ತುಂಬ ಹೆಸರುಗಳು ಉಕ್ಕಿ ಬಂದವು, ಎಲ್ಲಕ್ಕಿಂತ ಮೇಲೆ ತಂಗಿಯ ಹೆಸರು.

ಸಾಲು ತೆರೆದಳು. ಅಬ್ಬಾ, ಎಷ್ಟು ಬರೆದಿದ್ದಾಳೆ! ಬೇರೆಯವರದು ಬೆರಳುದ್ದವಿದ್ದರೆ ಇವಳದು ಪರದೆ ಇಳಿಸಿದಷ್ಟೂ ಇಳಿಯುತ್ತಿತ್ತು. ಕಣ್ಣು ಹುಡುಕುವುದಕ್ಕೆ ಪಳಗಿದ ಕಣ್ಣು, ಓದಲಿಲ್ಲ, ಆ ಪದದ ಮೇಲೆ ಹೋಗಿ ಕೂತಿತು. "ಇಂದು ಅಜ್ಜಿ ಸ್ನಾನದ ಕೋಣೆಯಲ್ಲಿ ಜಾರಿದರು. ಬೀಳದಂತೆ ಹಿಂದಿನಿಂದ ತಬ್ಬಿ ಹಿಡಿದೆ. ಅವರಿಗೆ ಏನೂ ಆಗಿಲ್ಲ. ನನ್ನ ಮೊಣಕೈ ನಲ್ಲಿಗೆ ಬಡಿದು ಊದಿದೆ. ಗೋಡೆಗೆ ಒಂದು ಹಿಡಿಕೆ ಹಾಕಿಸಲು ಮನೆಯವರಿಗೆ ಹೇಳಿದರೆ ಒಳ್ಳೆಯದು." ಅದರ ಕೆಳಗೆ: "ಹಿಡಿಕೆ ಇನ್ನೂ ಹಾಕಿಸಿಲ್ಲ." ಅದರ ಕೆಳಗೆ: "ಇಂದು ಅಜ್ಜಿ ನನ್ನನ್ನು ತಮ್ಮ ತಾಯಿ ಎಂದುಕೊಂಡು ಮಡಿಲಲ್ಲಿ ತಲೆ ಇಟ್ಟು ಅತ್ತರು. ನಾನು ಅಲ್ಲ ಎನ್ನಲಿಲ್ಲ. ತಪ್ಪಾದರೆ ತಿಳಿಸಿ."

ತಿಳಿಸಿ ಅಂತೆ. ಯಾರಿಗೆ ಪುರಸತ್ತಿದೆ ತಿಳಿಸಲು? ಇವಳಿಗೇನು ಇಷ್ಟು ಬರೆಯುವ ಚಪಲ ಎಂದು ಮೊದಲು ಸಿಟ್ಟು ಬಂದದ್ದು ತಂಗಿಯ ಮೇಲೆಯೇ. ಆಮೇಲೆ ಗೊರಕೆಯವಳ ಸಾಲು ತೆರೆದಳು. ಎಲ್ಲ ಸರಿ. ಎಲ್ಲ ಸರಿ. ಎಲ್ಲ ಸರಿ. ಬಟ್ಟೆಯ ಅಂಚಿಗೆ ಹಾಕಿದ ಹೊಲಿಗೆಯಂತೆ ಒಂದೇ ಸಮನೆ. ಅವಳು ನೋಡಿಕೊಳ್ಳುತ್ತಿದ್ದ ಮುದುಕ ಮಂಚದಿಂದ ಉರುಳಿ, ಮಧ್ಯಾಹ್ನದವರೆಗೆ ನೆಲದಲ್ಲೇ ಬಿದ್ದಿದ್ದು, ಪೇಪರಿನ ಬಿಲ್ಲಿಗೆ ಬಂದವನು ಕಿಟಕಿಯಲ್ಲಿ ಇಣುಕಿ ಕೂಗಿದಾಗ ಎತ್ತಿದ್ದು ಆಫೀಸಿಗೆಲ್ಲ ಗೊತ್ತು. ಮನೆಯವರು ದೂರು ಬರೆಯಲಿಲ್ಲ, ವಾರಗಟ್ಟಲೆ ತಾವೇ ಬಂದು ನೋಡಿರದ ಸಂಕೋಚಕ್ಕೆ. ಅಂದಿನ ಅವಳ ಟಿಪ್ಪಣಿಯೂ ಎಲ್ಲ ಸರಿ. ಅವಳ ಸಾಲು ತೊಳೆದ ತಟ್ಟೆಯಂತೆ ಹೊಳೆಯುತ್ತಿತ್ತು. ಬೀಳಿಸಿ ಬಾಯಿ ಮುಚ್ಚಿಕೊಂಡವಳು ಒಳಗೆ, ಹಿಡಿದು ಬರೆದವಳು ಹೊರಗೆ! ಬೀಳ ತೆಗೆದಾಗ ಉಕ್ಕಿ ಬಂದ ಇನ್ನೊಂದೆರಡು ಸಾಲು ತೆರೆದಳು: ಬೀಳಬಹುದೆಂದು ರಾತ್ರಿ ಮಂಚಕ್ಕೆ ದಿಂಬು ಒತ್ತಿಟ್ಟೆ, ಮೆಟ್ಟಿಲಲ್ಲಿ ಬೀಳುವ ಭಯ ಅವರಿಗೆ, ಕೈ ಹಿಡಿದು ಇಳಿಸುತ್ತೇನೆ. ಇವರೆಲ್ಲ ಈಗ ಯಾವ ಯಾವ ಮನೆಯಲ್ಲಿ ಫೋನು ಎದೆಯ ಮೇಲಿಟ್ಟುಕೊಂಡು ಕೂತಿದ್ದಾರೋ. ಪ್ರತಿ ಸಲ ಹೊಸಬರು ಸೇರಿದಾಗ ಆಫೀಸಿನ ಹಿಂದಿನ ಕೋಣೆಯಲ್ಲಿ ಅವರನ್ನು ಕೂರಿಸಿ, ಏನು ನಡೀತೋ ಎಲ್ಲಾ ಬರೀರಿ, ಒಂದಕ್ಷರಾನೂ ಮುಚ್ಚಿಡಬೇಡಿ, ಆಫೀಸು ಓದುತ್ತೆ ಎಂದು ಕೈ ಬೀಸಿ ಬೀಸಿ ಹೇಳುವವಳು ಯಾರು? ತಂಗಿ ಅಂದು ಎರಡನೇ ಬೆಂಚಿನಲ್ಲಿ ಕೂತು, ತನ್ನಕ್ಕ ಭಾಷಣ ಮಾಡುತ್ತಾಳೆಂದು ಪಕ್ಕದವಳಿಗೆ ಮೊಣಕೈಯಲ್ಲಿ ತಿವಿದು ನಕ್ಕಿದ್ದಳು.

ಎದ್ದಳು. ಕುರ್ಚಿ ಹಿಂದಕ್ಕೆ ಹೋಗಿ ಕಪಾಟಿಗೆ ಬಡಿಯಿತು. ಮೇಡಮ್ಮಿನ ಕೋಣೆಗೆ ನಡೆಯುವ ಆ ನಾಲ್ಕು ಹೆಜ್ಜೆಯಲ್ಲಿ ಅವಳ ಬಾಯಿಯೊಳಗೆ ಎಷ್ಟು ಮಾತು ತುಂಬಿತ್ತೆಂದರೆ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಎಲ್ಲ ಹೆಂಗಸರ ಪರವಾಗಿ ಮಾತಾಡಬೇಕು. ಮೇಜು ಗುದ್ದಬೇಕು. ಬೇಕಾದರೆ ನಿಮ್ಮ ಕೆಲಸ ನೀವೇ ಇಟ್ಟುಕೊಳ್ಳಿ ಅನ್ನಬೇಕು.

"ಮೇಡಂ, ಬಾಲ ಸರಿಯಿಲ್ಲ."

ಮೇಡಂ ಕನ್ನಡಕ ತೆಗೆದು ನಕ್ಕರು. ಅವರೂ ಮೊದಲು ನರ್ಸಾಗಿದ್ದವರು, ಕಾಲಿನ ನರ ಉಬ್ಬಿ ನಿಲ್ಲಲಾಗದೆ ಈ ಸಂಸ್ಥೆ ಕಟ್ಟಿದವರು, ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು. "ಕೂತ್ಕೊಳ್ಳಿ ಮೊದಲು. ಏನಾಯ್ತು ಬಾಲಕ್ಕೆ?"

"ಬೀಳದ ಹಾಗೆ ಹಿಡ್ಕೊಂಡೆ ಅಂತ ಬರೆದೋರೂ ಹೊರಗೆ ಹೋಗ್ತಾ ಇದಾರೆ ಮೇಡಂ. ಬೀಳಿಸಿ ಏನೂ ಬರೀದೇ ಇರೋರು ಒಳಗೆ ಉಳೀತಾ ಇದಾರೆ. ದೂರು ಒಂದು ಖಾನೆ, ಅವರವರು ಬರೆದಿದ್ದು ಇನ್ನೊಂದು ಖಾನೆ ಮಾಡೋಣ. ಮೈನಸ್ಸು ದೂರಿನ ಖಾನೇಲಿ ಮಾತ್ರ ಹುಡುಕಲಿ. ಹಳೇದನ್ನೆಲ್ಲ ನಾನೇ ಓದಿ ಬೇರೆ ಮಾಡ್ತೀನಿ."

"ಅಷ್ಟನ್ನೂ ಓದ್ತಾ ಕೂತ್ರೆ ಫೋನ್ ಯಾರು ತಗೋತಾರೆ?" ಮೇಡಂ ದನಿಯಲ್ಲಿ ಸಿಟ್ಟಿರಲಿಲ್ಲ. "ನೋಡಿ, ಮನೆಯವರು ಹೆದರಿರ್ತಾರೆ. ಅವರಿಗೆ ಒಳ್ಳೆಯೋರು ಬೇಕು ಅನ್ನೋದಕ್ಕಿಂತ ರಗಳೆ ಇಲ್ಲದೋರು ಬೇಕು. ಬೀಳೋದರಲ್ಲಿದ್ರು, ಹಿಡಿದೆ ಅಂದ್ರೆ ಅಲ್ಲಿ ಏನೋ ಆಯ್ತು ಅಂತ ತಾನೆ ಅರ್ಥ? ನಾನೂ ಬೆಡ್‌ಪ್ಯಾನ್ ಎತ್ತಿದೋಳೇ, ನನಗೆ ಗೊತ್ತಿಲ್ವಾ? ನಾವೂ ಕೆಲವು ಬರೀತಿದ್ವಿ, ಕೆಲವು ನುಂಗ್ತಿದ್ವಿ."

"ಎಲ್ಲಾ ಬರೀರಿ ಅಂತ ನಾವೇ ಹೇಳ್ತೀವಲ್ಲ ಮೇಡಂ."

"ಹೇಳಬೇಕಲ್ಲ." ಮೇಡಂ ಮುಂದಕ್ಕೆ ಬಾಗಿದರು. "ಇದೆಲ್ಲ ಈಗ ಯಾಕೆ ಬಂತು? ನಿಮ್ಮ ತಂಗಿಗೋಸ್ಕರ ತಾನೆ?"

ಅಲ್ಲ ಎನ್ನಬೇಕು. ತಂಗಿಗಷ್ಟೇ ಅಲ್ಲ ಎನ್ನಬೇಕು. ಆದರೆ ಬೆಳಿಗ್ಗೆ ಜಗಳವಾಗದಿದ್ದರೆ ಈ ಸಾಲುಗಳನ್ನು ತೆರೆಯುತ್ತಿದ್ದಳೇ?

"ಅದನ್ನ ನೇರ ಹೇಳಬಾರದಾ ನನ್ನ ಹತ್ರ? ಇಷ್ಟು ವರ್ಷದ ಮೇಲೂ ಇದೇನು ಸಂಕೋಚ ನಿಮಗೆ? ಅವಳ ಸಾಲು ಒಂದನ್ನ ತೊಳೆದುಬಿಡಿ. ಪಾಸ್‌ವರ್ಡ್ ಇದೆಯಲ್ಲ ನಿಮ್ಮತ್ರ. ಬೆಳಿಗ್ಗೆ ಫೋನ್ ಮಾಡಿದ್ರಲ್ಲ ತಂದೆಗೆ ಬೇಕು ಅಂತ, ಆ ಮನೆಗೆ ನಾಳೆಯಿಂದ ಅವಳನ್ನೇ ಕಳಿಸಿ. ಇನ್ನು ಮುಂದೆ ಸ್ವಲ್ಪ ಚಿಕ್ಕದಾಗಿ ಬರಿ ಅಂತ ಹೇಳಿ, ಆಯ್ತಾ?"

"ಆಗಲಿ ಮೇಡಂ."

ಇಷ್ಟೇ ಅಲ್ಲ, ಥ್ಯಾಂಕ್ಸ್ ಎಂದೂ ಹೇಳಿದಳು. ಹೇಳಿ, ಕೂತಿದ್ದ ಕುರ್ಚಿಯನ್ನು ಸದ್ದಾಗದಂತೆ ಮೇಜಿಗೆ ಸೇರಿಸಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಬಂದಳು. ಹೊರಗೆ ನೀರಿನ ಫಿಲ್ಟರಿನ ಮುಂದೆ ನಿಂತು ಎರಡು ಲೋಟ ಗಟಗಟ ಕುಡಿದಳು. ಗಂಡನಿಗೆ ಗದರುವ, ಬಸ್ಸಿನಲ್ಲಿ ತಿವಿಯುವ, ತರಕಾರಿಯವನನ್ನು ನಿಲ್ಲಿಸಿ ಬೈಯುವ ಹೆಂಗಸು ಈ ಕೋಣೆಯ ಬಾಗಿಲು ದಾಟಿದರೆ ಎಲ್ಲಿ ಹೋಗಿಬಿಡುತ್ತಾಳೆ? ಊರ ಶಾಲೆಯಲ್ಲಿ ಮೇಷ್ಟ್ರು ಇವಳ ತಪ್ಪು ಲೆಕ್ಕಕ್ಕೆ ಸರಿ ಹಾಕಿದ್ದರು ಒಂದು ಸಲ. ಪಕ್ಕದ ಹುಡುಗಿಯ ಅದೇ ಲೆಕ್ಕ ಸರಿಯಿತ್ತು, ಅವಳಿಗೆ ಏಟು ಬಿತ್ತು. ಇವಳು ಸ್ಲೇಟು ಎದೆಗೊತ್ತಿಕೊಂಡು ಸುಮ್ಮನೆ ಕೂತಿದ್ದಳು. ಆ ಹುಡುಗಿ ಅಂಗೈ ಊದುತ್ತ ಬಂದು ಪಕ್ಕದಲ್ಲಿ ಕೂತಾಗ ಸ್ಲೇಟಿನ ಮರದ ಕಟ್ಟು ಎದೆಗೆ ಒತ್ತುತ್ತಿತ್ತು. ಆದರೆ ತಾನೇನು ಮಾಡಬೇಕಿತ್ತು? ಸಿಕ್ಕಿದ್ದನ್ನು ಬೇಡವೆನ್ನಲು ತಾನೇನು ಸನ್ಯಾಸಿಯೇ? ತಂಗಿಗೆ ಕೆಲಸ ಬೇಕೋ ಬೇಡವೋ? ಬೇಕು. ಸಿಕ್ಕಿತೋ ಇಲ್ಲವೋ? ಸಿಕ್ಕಿತು. ಮತ್ತೇನು?

ಪಾಸ್‌ವರ್ಡ್ ಒತ್ತಿ ಸಾಲು ತೆರೆದಳು. ಮೊದಲು ಆ ಒಂದು ಪದವನ್ನು ಮಾತ್ರ ಅಳಿಸಿದಳು. ಪದ ಹೋದ ಮೇಲೆ ವಾಕ್ಯ ಹಲ್ಲು ಬಿದ್ದ ಬಾಯಿಯ ಹಾಗೆ ಕಂಡಿತು, ವಾಕ್ಯ ಅಳಿಸಿದಳು. ಮೊಣಕೈ ಊದಿದ್ದು ಉಳಿಯಿತು. ಯಾಕೆ ಊದಿತು ಎಂದು ಯಾರಾದರೂ ಕೇಳಿಯಾರು, ಅದನ್ನೂ ಅಳಿಸಿದಳು. ಅತ್ತರು. ನಾಳೆ ಯಾವನಾದರೂ ಅಳುವವರು ಬೇಡವೆಂದರೆ ಮೇಡಂ ಅದನ್ನೂ ಬಾಲಕ್ಕೆ ಕಟ್ಟಿಸುತ್ತಾರೆ. ಅಳಿಸಿದಳು. ಉಗಿದರು, ಕಚ್ಚಿದರು, ಬಾಗಿಲು ಹಾಕಿಕೊಂಡರು, ಹಾಡಿದರು. ಬೆರಳು ಈಗ ಸಲೀಸಾಗಿ ಓಡುತ್ತಿತ್ತು. ಅಳಿಸುವ ಕೆಲಸದಲ್ಲೂ ಒಂದು ಅಚ್ಚುಕಟ್ಟಿರುತ್ತದೆ. ನಡುವೆ ಒಂದು ಕಡೆ, "ಇಂದು ಏನೂ ವಿಶೇಷವಿಲ್ಲ, ಅಜ್ಜಿಗೆ ಕತೆ ಹೇಳಿದೆ, ನಮ್ಮಮ್ಮ ಕಾಗೆಗೆ ನಗುತ್ತಿದ್ದುದು" ಎಂದಿತ್ತು. ಕೈ ಒಂದು ಕ್ಷಣ ತಡೆಯಿತು. ಆಫೀಸಿನ ಡೇಟಾಬೇಸಿನಲ್ಲಿ ನಮ್ಮಮ್ಮನಿಗೇನು ಕೆಲಸ ಎಂದು ರೇಗಿ, ಅದನ್ನೂ ಹೊಡೆದುಹಾಕಿದಳು. ಸೇರಿದ ದಿನದ ಮೊದಲ ಸಾಲು ಮಾತ್ರ ಉಳಿಸಿದಳು: ಸ್ನಾನ ಮಾಡಿಸಲು ಬರುತ್ತದೆ, ಎತ್ತಿ ಕೂರಿಸಲು ಬರುತ್ತದೆ. ಕೆಳಗೆ ಖಾಲಿ ಕಾಣಬಾರದೆಂದು ಎಲ್ಲ ಸರಿ ಎಂದು ಬರೆದು ನಾಲ್ಕಾರು ಕಡೆ ಅಂಟಿಸಿದಳು. ಸೇವ್ ಮಾಡಿದಳು. ಬಾಲ ಸಮೇತ ಮತ್ತೆ ಹುಡುಕಿದಳು. ಎಲ್ಲರಿಗಿಂತ ಮೇಲೆ, ಮೊಟ್ಟಮೊದಲು, ತಂಗಿಯ ಹೆಸರು ಬಂತು. ಆ ಕ್ಷಣ ಅವಳಿಗೆ ಆದದ್ದು ಸಂತೋಷವೇ, ಅಲ್ಲವೆಂದರೆ ಸುಳ್ಳಾಗುತ್ತದೆ.

ಸಂಜೆ ದಾರಿಯಲ್ಲಿ ತಂಗಿಗೆ ಇಷ್ಟವೆಂದು ಬೆಣ್ಣೆ ಬಿಸ್ಕತ್ತು ಕೊಂಡಳು. ಮನೆಯಲ್ಲಿ ತಂಗಿ ಕಿಟಕಿಯ ಗಾಜುಗಳನ್ನೆಲ್ಲ ತೊಳೆದು, ಗಂಡನ ಹರಿದ ಸ್ವೆಟರು ಬಿಚ್ಚಿ ದಾರ ಸುತ್ತುತ್ತ ಕೂತಿದ್ದಳು. ದಾರದ ಇನ್ನೊಂದು ಕೊನೆ ಹಿಡಿದು ಗಂಡ ಎರಡೂ ಕೈ ಚಾಚಿ ಕೂತಿದ್ದ. "ನಾನು ಅಲ್ಲಾಡೋ ಹಾಗಿಲ್ಲ, ಅರೆಸ್ಟ್ ಆಗಿದೀನಿ" ಎಂದ.

"ತಗೋ, ಬಾಯಿ ಸಿಹಿ ಮಾಡ್ಕೊ" ಎಂದು ಪೊಟ್ಟಣವನ್ನು ತಂಗಿಯ ಮಡಿಲಿಗೆ ಎಸೆದಳು. "ನಾಳೆ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗ್ಬೇಕು. ಮುದುಕರು. ಮಗ ಕೊಂಚ ಕಿರಿಕಿರಿ, ಆದ್ರೆ ಮನೆ ದೊಡ್ಡದಂತೆ."

ತಂಗಿಯ ಮುಖ ಅರಳಿತು. ದಾರದ ಉಂಡೆ ಜಾರಿ ನೆಲಕ್ಕೆ ಉರುಳಿತು. "ನಿಜವಾಗ್ಲೂ? ಏನಾಗಿತ್ತಂತೆ ಅಕ್ಕ, ಇಷ್ಟು ದಿನ?"

"ಏನೂ ಇಲ್ಲ. ನೀನು ಬರೆದಿದ್ದೆಯಲ್ಲ, ಸ್ನಾನದ ಕೋಣೇಲಿ ಬೀಳದ ಹಾಗೆ ಹಿಡ್ಕೊಂಡೆ ಅಂತ. ಆ ಪದ ಇದ್ರೆ ಕಂಪ್ಯೂಟರ್ ತಗೊಳಲ್ಲ."

"ಹಿಡ್ಕೊಂಡೆ ಅಂದ್ರೂ?"

"ಅದಕ್ಕೆ ಅದೆಲ್ಲ ತಿಳಿಯಲ್ಲ. ಪದ ಇದೆಯಾ, ಇಲ್ವಾ, ಅಷ್ಟೇ. ಅದಕ್ಕೇ ಅಳಿಸ್ಬಿಟ್ಟೆ."

"ಆ ಪದಾನ?"

"ಎಲ್ಲಾ. ಒಂದೊಂದೇ ಕೀಳ್ತಾ ಕೂತ್ರೆ ಮುಗಿಯುತ್ತಾ? ನಾಳೆ ಇನ್ನೊಂದು ಪದಕ್ಕೆ ತಕರಾರು ಬರುತ್ತೆ. ಇನ್ಮೇಲೆ ನೀನೂ ಉದ್ದುದ್ದ ಬರೀಬೇಡ, ಎಲ್ಲ ಸರಿ ಅಂತ ಬರೆದು ಕಳಿಸು, ಸಾಕು."

ತಂಗಿ ಬಿಸ್ಕತ್ತಿನ ಪೊಟ್ಟಣವನ್ನು ಮಡಿಲಿಂದ ತೆಗೆದು ಪಕ್ಕಕ್ಕಿಟ್ಟಳು. "ಹಿಡಿಕೆ ಬಗ್ಗೆ ಬರೆದಿದ್ದೆ. ಅದನ್ನ ಯಾರೂ ನೋಡ್ಲಿಲ್ವಾ?"

"ಯಾವ ಹಿಡಿಕೆ?"

"ನೀನು ನೋಡ್ಲಿಲ್ವಾ?"

"ನಾನೇನು ಕತೆಪುಸ್ತಕ ಓದೋಕೆ ಹೋಗ್ತೀನಾ ಅಲ್ಲಿಗೆ? ಫೋನ್ ಮೇಲೆ ಫೋನ್ ಬರ್ತಿರುತ್ತೆ!" ದನಿ ತಾನಾಗಿ ಏರಿತು. "ಬೆಳಿಗ್ಗೆ ಎದ್ದು ನನ್ನ ಕುತ್ತಿಗೆ ಹಿಡಿದೆ, ಕೆಲಸ ಕೊಡಿಸು ಅಂತ. ಮೇಡಂ ಮುಂದೆ ಹಲ್ಲು ಕಿರಿದು ಕೊಡಿಸ್ಕೊಂಡು ಬಂದ್ರೆ ಈಗ ವಿಚಾರಣೆ ಮಾಡ್ತೀಯಾ?"

"ಆಫೀಸು ಓದುತ್ತೆ ಅಂದೆ ನೀನು ಅವತ್ತು." ತಂಗಿ ಕೂಗಲಿಲ್ಲ. ಬೆಳಿಗ್ಗೆಯಷ್ಟು ಸಿಟ್ಟೂ ಇರಲಿಲ್ಲ ಅವಳ ಮುಖದಲ್ಲಿ. ಸಿಟ್ಟಿದ್ದಿದ್ದರೆ ಎದುರಿಸಬಹುದಿತ್ತು. "ಆಫೀಸಲ್ಲಿ ಹುಡುಕೋಳು ನೀನೇ ತಾನೆ? ನೀನು ಓದ್ತೀಯ ಅಂದ್ಕೊಂಡೆ. ಮನೇಲಿ ಹೇಳಕ್ಕೆ ಬಂದ್ರೆ ನಿನಗೆ ನಿದ್ದೆ ಬರುತ್ತೆ. ಅಲ್ಲಾದ್ರೆ ಸಂಬಳಕ್ಕಾದ್ರೂ ಓದ್ತಾಳೆ ಅಂತ... ಕೆಲಸ ಮುಗಿಸಿ ಅವರ ಮನೆ ಮೆಟ್ಟಿಲ ಮೇಲೆ ಕೂತು ಒಂದೇ ಬೆರಳಲ್ಲಿ ಒತ್ತಿ ಒತ್ತಿ ಬರೀತಿದ್ದೆ ಅಕ್ಕ. ಬಸ್ ತಪ್ಪಿದ್ರೂ ಬರೆದೇ ಏಳ್ತಿದ್ದೆ."

ಗಂಡ ಚಾಚಿದ ಕೈ ಹಾಗೇ ಇಟ್ಟುಕೊಂಡು ಒಬ್ಬರಾದ ಮೇಲೊಬ್ಬರ ಮುಖ ನೋಡಿದ. 

"ಇನ್ನು ಬೇರೆಯೋರದು?" ಎಂದಳು ತಂಗಿ. "ನನ್ನ ಹಾಗೆ ಬರೆದೋರದು?"

"ಅವರಿಗೆಲ್ಲ ನಾನು ಅಕ್ಕಾನಾ?"

ಅಂದ ಮೇಲೆ ಅವಳಿಗೇ ಆ ಮಾತು ತನ್ನ ಬಾಯಿಂದ ಬಂದದ್ದೆನಿಸಲಿಲ್ಲ. ತಂಗಿ ಎದ್ದಳು. ಭಾವನ ಕೈಗಳಿಂದ ದಾರವನ್ನು ಸಿಕ್ಕಾಗದಂತೆ ಬಿಡಿಸಿ ಕುರ್ಚಿಯ ಬೆನ್ನಿಗೆ ಹಾಕಿದಳು. ಕೆಲಸದ ಕರೆ ಬಂದರೆ ಹೊರಡಲೆಂದು ಎರಡು ಜೊತೆ ಬಟ್ಟೆ ತುಂಬಿ ಗೋಡೆಗೆ ಒರಗಿಸಿಟ್ಟಿರುತ್ತಿದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. "ಹೋಗ್ತೀನಿ ಭಾವ."

"ಬರ್ತೀನಿ ಅನ್ನಮ್ಮ" ಎಂದ ಗಂಡ, ಅಭ್ಯಾಸಬಲದಿಂದ. "ಎಲ್ಲಿಗೆ ಇಷ್ಟು ಹೊತ್ತಲ್ಲಿ?"

ತಂಗಿ ತಿದ್ದಿಕೊಳ್ಳಲಿಲ್ಲ. ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು. ಅಕ್ಕ ಬಾಗಿಲವರೆಗೆ ಓಡಿ, ಕಂಬಿ ಹಿಡಿದು, ಕೆಳಗೆ ಕಾಣುವ ಬೈತಲೆಯನ್ನು ನೋಡುತ್ತ ಕೂಗಿದಳು. ಕರೆಯಬೇಕೆಂದಿದ್ದಳು, ಬಾಯಿಂದ ಬಂದದ್ದು ಬೇರೆ. "ಎಂಟಕ್ಕೆ ಅಲ್ಲಿರಬೇಕು ಕಣೇ! ನೀರಿನ ಟ್ಯಾಂಕಿನ ಹಿಂದಿನ ಬೀದಿ! ಹಸಿರು ಗೇಟು! ತಪ್ಪಿಸಿದ್ರೆ ನನ್ನ ಮರ್ಯಾದೆ ಹೋಗುತ್ತೆ, ಕೇಳಿಸ್ತಾ? ನಿನಗೋಸ್ಕರ ನಾನು ಎಷ್ಟು ಕೆಳಗೆ ಇಳಿದೆ ಗೊತ್ತಾ?" ಕೆಳಗಿನ ಮನೆಯ ಬಾಗಿಲು ತೆರೆದು ಯಾರೋ ಇಣುಕಿದರು. ತಂಗಿ ಅವರಿಗೆ ದಾರಿ ಬಿಟ್ಟು, ತಿರುವಿನಲ್ಲಿ ಇಳಿದು ಹೋದಳು. ಇಷ್ಟಕ್ಕೆಲ್ಲ ಹೊರಟುಹೋಗುವುದೆಂದರೇನು? ಒಳ್ಳೆಯದು ಮಾಡಿದವಳ ಮುಖಕ್ಕೆ ಉಗಿದು ಹೋಗುವುದೇ? ಬರಲಿ, ಬಂದಾಗ ಹೇಳುತ್ತೇನೆ ಎಂದು ಒಳಗೆ ಬಂದು, ಬಿಸ್ಕತ್ತಿನ ಪೊಟ್ಟಣವನ್ನು ತೆರೆಯದೆ ಕಪಾಟಿನಲ್ಲಿಟ್ಟಳು.

ಬೆಳಿಗ್ಗೆ ಆಫೀಸಿಗೆ ಫೋನು ಬಂತು, ಯಾರೂ ಬಂದಿಲ್ಲವಲ್ಲ ಎಂದು. ಬೇರೆಯವರನ್ನು ನೋಡಿ ಎಂದಷ್ಟೇ ಹೇಳಿದರು ಮೇಡಂ, ತಂಗಿಯ ವಿಷಯ ಎತ್ತಲಿಲ್ಲ. ಅದೂ ಒಂದು ಉಪಕಾರವೆಂಬಂತೆ. ಗಂಡ ರಜೆ ಹಾಕಿ ತಂಗಿಯ ಗೆಳತಿಯರ ಮನೆಗಳಿಗೆ, ಆ ಹಳೆಯ ಅಜ್ಜಿಯ ಮನೆಗೆ, ಬಸ್ ನಿಲ್ದಾಣಗಳಿಗೆ ಅಲೆದು ಬಂದ. ಯಾರಿಗೂ ಹೇಳಿ ಹೋಗಿರಲಿಲ್ಲ ಅವಳು. ಬೇಸಿಗೆ ಮುಗಿಯಿತು, ಅದರ ಮುಂದಿನದೂ ಮುಗಿಯಿತು. ಮನೆಮನೆಯಿಂದ ಫೋನುಗಳು ಬರುತ್ತವೆ: ಮಾತಾಡೋರು ಬೇಡ, ವಯಸ್ಸಾದೋರು ಬೇಡ, ಬೀಳಿಸಿರೋರು ಬೇಡವೇ ಬೇಡ. ಅವಳು ಎರಡು ಬೇಕುಗಳನ್ನು ಎಳೆದು ತೆಗೆದು ಬರೆಯುತ್ತಾಳೆ, ಬಾಲ ಬಂದು ಅಂಟಿಕೊಳ್ಳುತ್ತದೆ. ಯಾರು ಏನು ಕೇಳಿದರೂ ಮೊಟ್ಟಮೊದಲು ಬರುವ ಹೆಸರು ತಂಗಿಯದೇ. ಒಂದು ಕಪ್ಪುಚುಕ್ಕೆಯಿಲ್ಲದ ಸಾಲು. ಮೇಲಾಗಿ, ಎಲ್ಲರಿಗಿಂತ ಹೆಚ್ಚು ಕಾಲದಿಂದ ಕೆಲಸವಿಲ್ಲದೆ ಇರುವವಳು. ಆಫೀಸಿನ ನಿಯಮದಂತೆ ಮೊದಲ ಹೆಸರಿಗೇ ಮೊದಲು ಫೋನು ಮಾಡಬೇಕು. ಅವಳು ಪ್ರತಿ ಸಲವೂ ಮಾಡುತ್ತಾಳೆ. ಉತ್ತರವಿಲ್ಲದಿದ್ದರೆ ಎರಡನೆಯ ಹೆಸರಿಗೆ ಹೋಗಬೇಕು, ಹೋಗುತ್ತಾಳೆ.